ಮನೆ ಈಜುಕೊಳಕ್ಕೆ ಕ್ಲೋರಿನ್ ಬಿಟ್ಟು ಬೇರೇನು ಹಾಕಬಹುದು?

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್. ಅಂದರೆ 40,000 ಲೀಟರ್. ನೀರು ಕೊಲ್ಲಿಯದು (ಬೆಟ್ಟದ ತೊರೆ). ತೇಲುವ ಡಬ್ಬಿಯಲ್ಲಿ ಟಿಸಿಸಿಎ (ನಿಧಾನವಾಗಿ ಕರಗುವ ಕ್ಲೋರಿನ್) ಮಾತ್ರೆ ಹಾಕುತ್ತೇವೆ. ಮಕ್ಕಳಿಗೆ ಕಣ್ಣುರಿ, ನೀರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ತಾಮ್ರದ ಅಯೊನೈಸರ್ (ವಿದ್ಯುತ್ತಿನಿಂದ ನೀರಿಗೆ ತಾಮ್ರ ಬಿಡುವ ಯಂತ್ರ) ಹಾಕಿದರೆ ಕ್ಲೋರಿನ್ನೇ ಬೇಡವಂತೆ, ನಿಜವೇ? ಓಝೋನ್, ಯುವಿ (ಅತಿನೇರಳೆ ಬೆಳಕಿನ ದೀಪ), ಉಪ್ಪಿನ ಯಂತ್ರ ಹೇಗೆ? ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ಕೊಳದ ನೀರು ಹೋಗುವುದು ಕಾಫಿ ಗಿಡಗಳ ಪಕ್ಕದ ತೋಡಿಗೆ.

ನೀರುಪರೀಕ್ಷೆ_ಮಡಿಕೇರಿ

ಮೊದಲು ವಾಸನೆಯ ವಿಷಯ ಸಾರ್. ಅದು ಕ್ಲೋರಿನ್ ಹೆಚ್ಚಾಗಿದ್ದಕ್ಕಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದು. ಕಣ್ಣುರಿಯೂ ಬಹುಮಟ್ಟಿಗೆ ಅದರಿಂದಲೇ. ಹಳದಿ ಬಣ್ಣ ತೋರಿಸುವ ಓಟಿಒ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಒಟ್ಟು ಕ್ಲೋರಿನ್, ಮುಕ್ತ ಕ್ಲೋರಿನ್ (ಯಾವುದಕ್ಕೂ ಅಂಟದೆ ಕೆಲಸಕ್ಕೆ ಉಳಿದದ್ದು) ಎರಡನ್ನೂ ಬೇರೆಬೇರೆ ಅಳೆಯುವ ಡಿಪಿಡಿ ಕಿಟ್ ತೆಗೆದುಕೊಳ್ಳಿ. ಒಟ್ಟು ಅಳತೆಯಲ್ಲಿ ಮುಕ್ತ ಕ್ಲೋರಿನ್ ಕಳೆದರೆ ಉಳಿಯುವುದೇ ಕ್ಲೋರಮೈನ್.

ಎರಡನೆಯದು, ನಮ್ಮ ಕೊಲ್ಲಿ ನೀರು ಸಾಮಾನ್ಯವಾಗಿ ಮೆದು, ಕ್ಷಾರೀಯತೆ ಕಡಿಮೆ. ಟಿಸಿಸಿಎ ಆಮ್ಲೀಯ, ಅದನ್ನು ತಡೆಯುವ ಶಕ್ತಿ ಆ ನೀರಿಗಿಲ್ಲ. ಪಿಎಚ್ ಜಾರಿ 7ಕ್ಕಿಂತ ಕೆಳಗಿಳಿದರೆ ಕಣ್ಣೂ ಉರಿಯುತ್ತದೆ, ಟೈಲ್ಸ್ ಸಂದಿನ ಸಿಮೆಂಟೂ ಕರಗುತ್ತದೆ. ಕ್ಷಾರೀಯತೆ 80ರಿಂದ 100 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರಲಿ. ನಿಮ್ಮ ಕೊಳದಲ್ಲಿ 40 ಪಿಪಿಎಂ ಏರಿಸಲು ಅಡುಗೆ ಸೋಡಾ ಸುಮಾರು 2.7 ಕೆಜಿ ಬೇಕು. ಪಂಪ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಹಾಕಿ, ಮರುದಿನ ಅಳೆಯಿರಿ. ಪಿಎಚ್ 7.2ರಿಂದ 7.6ರೊಳಗೆ ನಿಲ್ಲಬೇಕು.

ಆಮೇಲೆ ಕ್ಲೋರಮೈನ್ ಒಡೆಯಿರಿ. ಅದು 0.6 ಪಿಪಿಎಂ ಇದ್ದರೆ ಹತ್ತು ಪಟ್ಟು, ಅಂದರೆ 6 ಪಿಪಿಎಂ ಕ್ಲೋರಿನ್: ಶೇ 65ರ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಪುಡಿ ಸುಮಾರು 370 ಗ್ರಾಂ. ಬಿಸಿಲಿಳಿದ ಮೇಲೆ ಬಕೆಟ್ ನೀರಿಗೆ ಪುಡಿ ಹಾಕಿ ಕರಗಿಸಿ, ಪುಡಿಗೆ ನೀರು ಸುರಿಯಬೇಡಿ. ಟಿಸಿಸಿಎ ಮುಟ್ಟಿದ ಚಮಚ, ಡಬ್ಬಿ ಇದಕ್ಕೆ ಕೂಡದು. ಎರಡೂ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕ್ಲೋರಿನ್ 3 ಪಿಪಿಎಂಗೆ ಇಳಿಯುವವರೆಗೆ ಮಕ್ಕಳು ಇಳಿಯುವುದು ಬೇಡ.

ಪಂಪ್‌ಮನೆ_ಗೋಣಿಕೊಪ್ಪ

ಮೇಲಿನದನ್ನು ಮಾಡದೆ ಯಾವ ಯಂತ್ರ ತಂದರೂ ದುಡ್ಡು ದಂಡ. ಅಯೊನೈಸರ್ ಬಗ್ಗೆ: ತಾಮ್ರ ಪಾಚಿಯನ್ನು ಚೆನ್ನಾಗಿ ತಡೆಯುತ್ತದೆ, ರೋಗಾಣು ಕೊಲ್ಲುವುದು ಬಹಳ ನಿಧಾನ. ಹಾಗಾಗಿ ಕ್ಲೋರಿನ್ ಬೇಕೇ ಬೇಕು. ಮೆದು ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ವಿದ್ಯುತ್ ಸರಿಯಾಗಿ ಹರಿಯದೆ ಯಂತ್ರವೂ ಸೊರಗುತ್ತದೆ. ತಾಮ್ರ ಹೆಚ್ಚಾದರೆ ಗೋಡೆಗೆ ಹಸಿರು ಕಲೆ, ತೋಡಿನ ಮೀನಿಗೆ ವಿಷ. ನಿಮ್ಮ ಜಾಗಕ್ಕೆ ಬೇಡವೇ ಬೇಡ.

ಉಪ್ಪಿನ ಯಂತ್ರ ತಯಾರಿಸುವುದೂ ಕ್ಲೋರಿನ್ನೇ. 3,200 ಪಿಪಿಎಂಗೆ 128 ಕೆಜಿ ಉಪ್ಪು ಬೇಕು, ಫಿಲ್ಟರ್ ತೊಳೆದ (ಬ್ಯಾಕ್‌ವಾಶ್) ಉಪ್ಪುನೀರು ಕಾಫಿ ಬುಡಕ್ಕೆ ಹೋಗಬಾರದು. ಬ್ರೋಮಿನ್ ತೆರೆದ ಕೊಳದಲ್ಲಿ ಬಿಸಿಲಿಗೆ ನಿಲ್ಲುವುದಿಲ್ಲ; ಕ್ಲೋರಿನ್ನಿಗೆ ಸಯನ್ಯೂರಿಕ್ ಆಮ್ಲ (ಟಿಸಿಸಿಎ ಕರಗಿದಾಗ ಬರುವುದು) ಕೊಡುವ ನೆರಳು ಅದಕ್ಕೆ ಸಿಗುವುದಿಲ್ಲ. ಓಝೋನ್ ಬಲಶಾಲಿ, ಆದರೆ ನಮ್ಮ ಜುಲೈ ತಿಂಗಳ ಒದ್ದೆ ಗಾಳಿಯನ್ನು ಒಣಗಿಸದೆ ಒಳಗೆ ಬಿಟ್ಟರೆ ಉತ್ಪಾದನೆ ಕುಸಿದು ನೈಟ್ರಿಕ್ ಆಮ್ಲ ಆಗುತ್ತದೆ. ಕರೆಂಟ್ ಹೋದಾಗ ನೀರು ಹಿಂದಕ್ಕೆ ನುಗ್ಗದಂತೆ ನಾನ್-ರಿಟರ್ನ್ ವಾಲ್ವ್ ಇರಲೇಬೇಕು.

ಉಳಿದದ್ದು ಯುವಿ, ನನ್ನ ಓಟು ಅದಕ್ಕೆ. ಫಿಲ್ಟರ್ ಆದ ಮೇಲೆ, ಕ್ಲೋರಿನ್ ಹಾಕುವ ಜಾಗಕ್ಕಿಂತ ಮುಂಚೆ ಕೂರಿಸಿ. ಕ್ಲೋರಿನ್ನಿಗೆ ಬಗ್ಗದ, ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಪರಜೀವಿ ಸಹ ಅದಕ್ಕೆ ಬಗ್ಗುತ್ತದೆ. ಆದರೆ ಅದು ಕೊಲ್ಲುವುದು ದೀಪದ ಮುಂದೆ ಹಾದುಹೋಗುವ ನೀರಿನಲ್ಲಿ ಮಾತ್ರ; ಪಂಪ್ ನಿಂತರೆ ಕೊಳದಲ್ಲಿ ಕಾವಲು ಇರುವುದಿಲ್ಲ. ಅದಕ್ಕೇ ಮುಕ್ತ ಕ್ಲೋರಿನ್ 1 ಪಿಪಿಎಂ, ಟಿಸಿಸಿಎ ಬಳಸುತ್ತಿದ್ದರೆ 2 ಪಿಪಿಎಂ ಇರಲಿ. ನೀರಿನಲ್ಲಿ ಕಬ್ಬಿಣವಿದ್ದರೆ ದೀಪದ ಸುತ್ತಲಿನ ಕ್ವಾರ್ಟ್ಸ್ ಗಾಜಿನ ಕೊಳವೆಗೆ ಕಂದು ಪದರ ಕಟ್ಟಿ ಬೆಳಕು ಅಡಗುತ್ತದೆ, ಬಿಚ್ಚಿ ಸಿಟ್ರಿಕ್ ಆಮ್ಲದಲ್ಲಿ ತೊಳೆಯಿರಿ.

ನೀರುಪರೀಕ್ಷೆ_ಮಡಿಕೇರಿ

ಒಪ್ಪಿದೆ. ಒಂದೇ ಸೇರ್ಪಡೆ: ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತರೆ ಇರುವ ಕ್ಲೋರಿನ್ನೆಲ್ಲ ಅದಕ್ಕೇ ಖರ್ಚು, ಬಲೆ ಹೊದಿಸಿ. ತೋಡಿಗೆ ನೀರು ಬಿಡುವ ಮುಂಚೆ ಮಾತ್ರೆಯ ಡಬ್ಬಿ ತೆಗೆದು, ಡಿಪಿಡಿಯಲ್ಲಿ ಕ್ಲೋರಿನ್ ಸೊನ್ನೆ ತೋರಿಸುವವರೆಗೆ ಕಾಯಿರಿ.