ಸಹಾಯ ಬೇಕು: ಲೈನ್ ಇನ್‌ಪುಟ್‌ನ ಕ್ಯಾಲಿಬ್ರೇಶನ್ ಫೈಲ್ ಮೈಕ್‌ಗೂ ಆಗುತ್ತದಾ?

ನಮಸ್ಕಾರ. ರೂಮು, ಸ್ಪೀಕರ್ ಅಳೆಯಲು ಆರ್‌ಇಡಬ್ಲ್ಯೂ (ಧ್ವನಿ ಅಳೆಯುವ ಸಾಫ್ಟ್‌ವೇರ್) ಬಳಸುತ್ತಿದ್ದೇನೆ. ಇಂಟರ್‌ಫೇಸ್‌ನ (ಕಂಪ್ಯೂಟರ್‌ಗೆ ಮೈಕ್, ಸ್ಪೀಕರ್ ಜೋಡಿಸುವ ಪೆಟ್ಟಿಗೆ) ಔಟ್‌ಪುಟ್‌ನಿಂದ ಎರಡನೇ ಲೈನ್ ಇನ್‌ಪುಟ್‌ಗೆ ಕೇಬಲ್ ಸಿಕ್ಕಿಸಿ ಲೂಪ್‌ಬ್ಯಾಕ್ ಮಾಡಿ, ಇಂಟರ್‌ಫೇಸ್‌ನದೇ ಏರುಪೇರು ಕಳೆಯುವ ಕ್ಯಾಲಿಬ್ರೇಶನ್ ಫೈಲ್ ಮಾಡಲು ಹೊರಟೆ. ಮೊದಲ ಸಲ ಗ್ರಾಫ್ ಪೂರ್ತಿ ಏರುಪೇರು. ಒಂದು ಗಂಟೆ ಸುಮ್ನೆ ಕೇಬಲ್ ಬದಲಾಯಿಸಿದೆ. ನೋಡಿದರೆ ಡೈರೆಕ್ಟ್ ಮಾನಿಟರ್ (ಇನ್‌ಪುಟ್ ಸದ್ದನ್ನು ನೇರ ಔಟ್‌ಪುಟ್‌ಗೆ ಕಳಿಸುವ ಸ್ವಿಚ್) ಆನ್ ಇತ್ತು! ಆಫ್ ಮಾಡಿದ ಮೇಲೆ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಗೆರೆ ಎಳೆದಂತೆ ನೇರ.

ಆದರೆ ಮೈಕ್ ಹೋಗುವುದು ಮೊದಲನೇ ಇನ್‌ಪುಟ್‌ಗೆ, 48 ವೋಲ್ಟ್ ಫ್ಯಾಂಟಮ್ (ಮೈಕ್‌ಗೆ ಕೇಬಲ್‌ನಲ್ಲೇ ಹೋಗುವ ವಿದ್ಯುತ್) ಜೊತೆ, ಪ್ರೀಆಂಪ್ (ಮೈಕ್ ಸಿಗ್ನಲ್ ಹಿಗ್ಗಿಸುವ ಭಾಗ) ಮೂಲಕ. ಲೈನ್‌ನಲ್ಲಿ ಮಾಡಿದ ಫೈಲ್ ಅಲ್ಲಿಗೂ ಸರಿಹೋಗುತ್ತದಾ? ಇಲ್ಲಾ ಫ್ಯಾಂಟಮ್ ಆಫ್ ಮಾಡಿ, ಗೇನ್ ಪೂರ್ತಿ ಇಳಿಸಿ, ಮೈಕ್ ಇನ್‌ಪುಟ್‌ಗೇ ಲೂಪ್ ಕೊಡಬೇಕಾ? ಔಟ್‌ಪುಟ್ ಲೆವೆಲ್ ಜಾಸ್ತಿಯಾಗಿ ಕ್ಲಿಪ್ ಆದೀತು (ಸಿಗ್ನಲ್ ಮಿತಿ ಮೀರಿ ಕೆಟ್ಟೀತು) ಅಂತ ಭಯ.

ಇನ್ನೊಂದು, 94 ಡಿಬಿ ಕ್ಯಾಲಿಬ್ರೇಟರ್ (ಗೊತ್ತಾದ ಮಟ್ಟದ ಸದ್ದು ಕೊಡುವ ಸಾಧನ) ನನ್ನ ಬಳಿ ಇಲ್ಲ. ಬರೀ ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅನ್ನುವುದು) ನೋಡಲು ಅದು ಬೇಕಿಲ್ಲ ಅಲ್ವಾ? ಮೈಕ್ ಜೊತೆ ಬಂದ ಕ್ಯಾಲಿಬ್ರೇಶನ್ ಫೈಲ್ ಹಾಕಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.