ಮಳೆಗಾಲ ಬಂದರೆ ರೀಫ್ ಟ್ಯಾಂಕ್ ಪಿಎಚ್ 7.8ಕ್ಕೆ ಇಳಿಯುತ್ತಿದೆ, ಯಾರಾದರೂ ಹೇಳಿ

ಕಾಫಿಕಾಡು_ರೀಫ್ (ಮಡಿಕೇರಿ): ತಲೆ ಕೆಟ್ಟುಹೋಗಿದೆ. ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಪಿಎಚ್ ಬೇಸಿಗೆಯಲ್ಲಿ 8.2 ಇರುತ್ತದೆ. ಮಳೆ ಹಿಡಿಯಿತೆಂದರೆ 7.8ಕ್ಕೆ ಬಂದು ಕೂರುತ್ತದೆ, ಬೆಳಗಿನ ಜಾವ ಇನ್ನೂ ಕೆಳಗೆ. ಹವಳಗಳು ಮುದುಡಿಕೊಂಡಿವೆ. ಪ್ರೋಬ್ ಹೊಸದು, ಕ್ಯಾಲಿಬ್ರೇಟ್ ಮಾಡಿದ್ದೇನೆ. ಮೀಟರ್ ಸರಿಯಿಲ್ಲ ಅಂತ ಮಾತ್ರ ಹೇಳಬೇಡಿ. ಉಳಿದದ್ದೆಲ್ಲ ಮಾಮೂಲಿ ಸೆಟಪ್.

ಉಪ್ಪುನೀರು: ಮಾಮೂಲಿ ಅಂದರೆ? ಎಷ್ಟು ಲೀಟರ್, ಸ್ಕಿಮ್ಮರ್ (ಗಾಳಿಗುಳ್ಳೆ ಬಿಟ್ಟು ಕೊಳೆ ತೆಗೆಯುವ ಯಂತ್ರ) ಯಾವುದು? ನೋಡದೆಯೇ ಹೇಳುತ್ತೇನೆ, ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಪ್ರಮಾಣ) ಬಿದ್ದಿದೆ. ಅದನ್ನು ಏರಿಸುವ ಬಫರ್ ಪುಡಿ ಹಾಕಿ.

ಕಾಫಿಕಾಡು_ರೀಫ್: ಕೆಎಚ್ 8.5. ಬೇಸಿಗೆಯಲ್ಲೂ ಅಷ್ಟೇ ಇತ್ತು.

ಉಪ್ಪುನೀರು: ಹಾಗಾದರೆ 11ಕ್ಕೆ ಏರಿಸಿ. ನನ್ನದು 600 ಲೀಟರ್, 11ರಲ್ಲೇ ಓಡುತ್ತಿದೆ. ಫೋಟೋ ಹಾಕಲಾ?

ಕುಶಾಲನಗರ_ಹವಳ: ಫೋಟೋ ಆಮೇಲೆ ಸರ್. ಕೆಎಚ್ ಹಾಗೇ ಇದ್ದು ಪಿಎಚ್ ಮಾತ್ರ ಇಳಿದರೆ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿದೆ ಅಂತ ಅರ್ಥ. ಅದು ಎರಡು ಪಟ್ಟಾದರೆ ಪಿಎಚ್ ಹತ್ತಿರ ಹತ್ತಿರ 0.3 ಇಳಿಯುತ್ತದೆ. ಬಫರ್ ಸುರಿದರೆ ಹವಳದ ತುದಿ ಸುಡುತ್ತದೆ, ಅಷ್ಟೇ.

ಕಡಲಕರೆ (ಮಂಗಳೂರು): ಟ್ಯಾಂಕ್ ತಳದಲ್ಲಿ ಕೊಳೆ ಕೂತಿದೆ, ನೋಡಿ, ಅದೇ ಕೊಳೆತು ನೀರಿಗೆ ಇಂಗಾಲ ಬಿಡುತ್ತಿದೆ. ಯುರೋಪಿನ ಉತ್ತರ ಸಮುದ್ರದಲ್ಲಿ ಇದೇ ಕಥೆ. ದಕ್ಷಿಣ ಭಾಗದ ಆಳ 50 ಮೀಟರಿಗಿಂತ ಕಡಿಮೆ, ಭರತ-ಇಳಿತ ನೀರನ್ನು ತಳದವರೆಗೂ ಕಲಕುತ್ತದೆ. ವಸಂತದಲ್ಲಿ ಪಾಚಿ ಬೆಳೆದು ಇಂಗಾಲ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಪಾಚಿ ಅದೇ ನೀರಲ್ಲಿ ಕೊಳೆತು ಇಂಗಾಲ ಗಾಳಿಗೆ ವಾಪಸ್. ಉತ್ತರ ಭಾಗ ಆಳ. ಅಲ್ಲಿ ಬೇಸಿಗೆಯಲ್ಲಿ ನೀರು ಪದರ ಕಟ್ಟುತ್ತದೆ, ಸತ್ತ ಪಾಚಿ ಕೆಳಪದರಕ್ಕೆ ಇಳಿಯುತ್ತದೆ, ಆ ನೀರು ಅಟ್ಲಾಂಟಿಕ್‌ಗೆ ಹರಿದು ಹೋಗುತ್ತದೆ. ಜಪಾನಿನ ವಿಜ್ಞಾನಿ ತ್ಸುನೊಗಾಯ್ ಅವರ ತಂಡ 1999ರಲ್ಲಿ ಪೂರ್ವ ಚೀನಾ ಸಮುದ್ರ ನೋಡಿ ಈ ಸಾಗಣೆಗೆ ಶೆಲ್ಫ್ ಪಂಪ್ (ಶೆಲ್ಫ್ ಅಂದರೆ ಖಂಡದ ಅಂಚಿನ ಆಳವಿಲ್ಲದ ಕಡಲು) ಅಂತ ಹೆಸರಿಟ್ಟಿತು. ನಿಮ್ಮ ಟ್ಯಾಂಕಿಗೆ ಪದರವೂ ಇಲ್ಲ, ಅಟ್ಲಾಂಟಿಕ್ಕೂ ಇಲ್ಲ. ಕೊಳೆ ಎಳೆದು ಹೊರಗೆ ಹಾಕಿದರೆ ಮಾತ್ರ ಇಂಗಾಲ ಹೋಗುವುದು.

ಕಾಫಿಕಾಡು_ರೀಫ್: ಕೊಳೆ ಬೇಸಿಗೆಯಲ್ಲೂ ಇರುತ್ತಲ್ಲ ಮಾರಾಯ್ರೆ. ಮಳೆಗಾಲದಲ್ಲಿ ಮಾತ್ರ ಯಾಕೆ?

ಕಡಲಕರೆ: ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲೇ ಇಳಿಯುವುದು. ಆಳದ ತಣ್ಣನೆಯ ನೀರು ದಡದ ಕಡೆ ಏರಿ ಬರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲ ಜಾಸ್ತಿ.

ಗೋಣಿಕೊಪ್ಪ_ಮೀನು: ಮಡಿಕೇರಿಗೆ ಆಳದ ನೀರು ಎಲ್ಲಿಂದ ಬರುತ್ತದೆ ಅಣ್ಣಾ 😄 ಅವರು ಮಳೆನೀರು ಹಿಡಿದು ಹಾಕುತ್ತಿರಬೇಕು.

ಉಪ್ಪುನೀರು: ಮಳೆನೀರಿಗೆ ಆರ್‌ಒ ಫಿಲ್ಟರ್ ಬೇಕೇ ಬೇಕು. ನನ್ನ ನೀರಿನ ಟಿಡಿಎಸ್ (ಕರಗಿದ ಲವಣ) ಸೊನ್ನೆ.

ಗೋಣಿಕೊಪ್ಪ_ಮೀನು: ತಗಡಿನ ಮೇಲಿನ ನೀರಿಗೆ ಬೇಕು. ಎಲ್ಲದಕ್ಕೂ ಬೇಕು ಅಂತ ಯಾರು ಹೇಳಿದರು?

ಕುಶಾಲನಗರ_ಹವಳ: ಆ ಜಗಳಕ್ಕೆ ಬೇರೆ ಥ್ರೆಡ್ ಶುರು ಮಾಡಿ. ಕಾಫಿಕಾಡು, ಕಿಟಕಿ ತೆಗೆದಿಡುತ್ತೀರಾ?

ಕಾಫಿಕಾಡು_ರೀಫ್: ಜುಲೈ ಮಳೆಯಲ್ಲಿ ಮಡಿಕೇರಿಯಲ್ಲಿ ಯಾರು ಕಿಟಕಿ ತೆಗೆಯುತ್ತಾರೆ? ಬಟ್ಟೆ ಒಣಗಿಸುವ ಕೆಂಡವೂ ಅದೇ ಕೋಣೆಯಲ್ಲಿ. ಎಲ್ಲರ ಮನೆಯಲ್ಲೂ ಇರುವುದೇ ಅಲ್ವಾ.

ಕುಶಾಲನಗರ_ಹವಳ: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಮುಚ್ಚಿದ ಕೋಣೆಯಲ್ಲಿ ಕೆಂಡ ಅಂದರೆ ಮೀನಿಗಿಂತ ಮೊದಲು ಮನೆಯವರಿಗೆ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮೊದಲು ಅದನ್ನು ಆಚೆ ಇಡಿ. ಆಮೇಲೆ ಒಂದು ಪರೀಕ್ಷೆ: ಟ್ಯಾಂಕ್ ನೀರು ಎರಡು ಲೋಟ. ಒಂದು ಕೋಣೆಯಲ್ಲಿ, ಇನ್ನೊಂದು ಜಗಲಿಯಲ್ಲಿ. ಎರಡಕ್ಕೂ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ಗಂಟೆ ಬಿಟ್ಟು ಪಿಎಚ್ ಅಳೆಯಿರಿ.

ಕಾಫಿಕಾಡು_ರೀಫ್: ಕೆಂಡ ಹಿಂದಿನ ಚಾವಡಿಗೆ ಹೋಯಿತು, ಅಮ್ಮ ಬೈಯುತ್ತಿದ್ದಾರೆ. ಕೋಣೆಯ ಲೋಟ 7.9, ಜಗಲಿಯದು 8.15.

ಕುಶಾಲನಗರ_ಹವಳ: ಹಾಗಾದರೆ ಕಾರಣ ಕೋಣೆಯ ಗಾಳಿಯೇ, ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿಯುತ್ತಿದೆ. ಸ್ಕಿಮ್ಮರಿನ ಗಾಳಿ ಪೈಪನ್ನು ಗೋಡೆಯಾಚೆಗೆ ಎಳೆಯಿರಿ. ಉದ್ದ ಆದಷ್ಟೂ ಗಾಳಿ ಎಳೆಯುವುದು ಕಡಿಮೆ ಆಗುತ್ತದೆ, ದಪ್ಪ ಪೈಪ್ ತಗೊಳ್ಳಿ. ತುದಿಗೆ ಜಾಲರಿ ಕಟ್ಟಿ, ಹುಳ ಹೋಗುತ್ತವೆ.

ಕಡಲಕರೆ: ಕೊಳೆಯನ್ನೂ ಒಮ್ಮೆ ಎಳೆದುಬಿಡಿ.

ಉಪ್ಪುನೀರು: ಎಲ್ಲ ಸರಿ, ಕೆಎಚ್ 9.5ಕ್ಕಾದರೂ ಏರಿಸಿ ನೋಡಿ. ಅಂದ ಹಾಗೆ ನನ್ನ ಹಳೆಯ ಸ್ಕಿಮ್ಮರ್ ಮಾರಾಟಕ್ಕಿದೆ.

ಗೋಣಿಕೊಪ್ಪ_ಮೀನು: ರೇಟ್ ಎಷ್ಟು?