ಗುಳ್ಳೆ ಮಧ್ಯಕ್ಕೆ ಬಂತು, ಗಾಡಿ ಹಿಂದಕ್ಕೆ ಹೋಯಿತು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಕನ್ನಡಕ ಎಲ್ಲಿಟ್ಟೆನೋ ಗೊತ್ತಿಲ್ಲ, ಟೈಪ್ ಮಾಡಲು ಆಗುವುದಿಲ್ಲ. ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಉಳಿದವರೂ ಕೇಳಿ, ಸ್ಪೀಡ್ ಜಾಸ್ತಿ ಮಾಡಿ ಕೇಳಬೇಡಿ. ನನ್ನ ದನಿ ಆಮೇಲೆ ಗುಬ್ಬಚ್ಚಿ ಕೂಗಿದ ಹಾಗೆ ಕೇಳಿಸುತ್ತದಂತೆ, ನಿಮ್ಮ ದೊಡ್ಡಪ್ಪ ನಗುತ್ತಾರೆ.

ಎಂಟು ತಿಂಗಳು ಕಾದ, ಅಡುಗೆಗೂ ಮಲಗಲೂ ಒಳಗೇ ಜಾಗ ಇರುವ ಆರ್‌ವಿ ಆರ್ಡರ್ ಕ್ಯಾನ್ಸಲ್ ಆಯಿತು, ಡೀಲರ್ ಅಂಗಳದಲ್ಲಿ ನಿಂತಿರುವ ಬೇರೆ ಗಾಡಿ ತಗೊಳ್ಳಿ ಅನ್ನುತ್ತಿದ್ದಾನೆ, ಅದಕ್ಕೆ ಲೆವೆಲಿಂಗ್ ಜಾಕ್, ಅಂದರೆ ನಿಲ್ಲಿಸಿದಾಗ ಗಾಡಿ ಎತ್ತಿ ಸಮ ಮಾಡುವ ಕಾಲು, ಇಲ್ಲ, ಆಮೇಲೆ ಹೊರಗಡೆ ಹಾಕಿಸಿಕೊಳ್ಳಬಹುದು ಅನ್ನುತ್ತಾನೆ, ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಆರ್ಡರ್ ಹೋದದ್ದಕ್ಕೆ ಅಳಬೇಡ. ಗಾಡಿ ಇನ್ನೊಂದು ಸಿಗುತ್ತದೆ. ಆದರೆ ಜಾಕ್ ಅಂದೆಯಲ್ಲ, ಆ ಮಾತು ಕೇಳಿದ ಕೂಡಲೇ ನನಗೆ ಆ ಸಂಜೆ ನೆನಪಾಯಿತು. ನಿಮ್ಮ ಅಮ್ಮನಿಗೆ ಗೊತ್ತು, ಅವಳಿಗೇ ಮೊದಲು ಫೋನ್ ಮಾಡಿದ್ದು ನಾನು.

ನಮ್ಮ ಹಳೇ ಗಾಡಿಗೆ ಜಾಕ್ ಹಾಕಿಸಿ ಮೂರನೇ ಸಲ ಹೊರಟಿದ್ದೆವು. ನಾಲ್ಕು ಹೈಡ್ರಾಲಿಕ್ ಕಾಲು, ಒಳಗೆ ಬಟನ್ ಇರುವ ಒಂದು ಪೆಟ್ಟಿಗೆ. ಮಳೆ ಬಂದು ನಿಂತಿತ್ತು. ನಿಲ್ಲಿಸಿದ ಜಾಗ ಇಳಿಜಾರು, ಗಾಡಿಯ ಮೂತಿ ಮೇಲಕ್ಕೆ, ಹಿಂಭಾಗ ಕೆಳಕ್ಕೆ. ಹ್ಯಾಂಡ್ ಬ್ರೇಕ್ ಎಳೆದಾಗಿದೆ, ಇನ್ನೇನು ಅಂತ ನಾನು ಒಳಗೆ ಕೂತು ಹಿಂದಿನ ಎರಡು ಕಾಲು ಇಳಿಸುತ್ತಾ ಹೋದೆ. ಟೇಬಲ್ ಮೇಲೆ ರಸಮಟ್ಟ ಇಟ್ಟುಕೊಂಡಿದ್ದೆ, ಗಾರೆಯವರ ಹತ್ತಿರ ಇರುತ್ತದಲ್ಲ, ಅದೇ. ಗುಳ್ಳೆ ಮೆಲ್ಲಗೆ, ಮೆಲ್ಲಗೆ ಜರುಗಿ ಎರಡು ಗೆರೆಗಳ ನಡುವೆ ಬಂದು ನಿಂತಿತು. ನನಗೆ ಎಷ್ಟು ಖುಷಿ ಅಂತೀಯ! ಹೊರಗಿನಿಂದ ನಿಮ್ಮ ದೊಡ್ಡಪ್ಪ ಕೂಗಿದರು, "ಹಿಂದಿನ ಚಕ್ರ ನೆಲ ಬಿಟ್ಟಿದೆ ಕಣೇ, ನೋಡು ಬಾ, ಟೈರಿನ ಕೆಳಗೆ ಅಂಗೈ ಹೋಗುತ್ತೆ!" ತಮಾಷೆ ಅವರಿಗೆ. ಕೈ ತೂರಿಸಿ ತೋರಿಸುತ್ತಿದ್ದಾರೆ. ಕೈ ತೆಗೆದು ಎದ್ದು ನಿಂತರು. ಪ್ಯಾಂಟಿಗೆ ಮಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟೇ. ಗಾಡಿ ಹಿಂದಕ್ಕೆ ಜರುಗಿತು.

ಜೋರಾಗಿ ಏನೂ ಅಲ್ಲ, ಒಂದು ಮೊಳ ಇರಬಹುದು. ಆದರೆ ಆ ಒಂದು ಮೊಳದಲ್ಲಿ ಹಿಂದಿನ ಎರಡೂ ಜಾಕ್ ಕಬ್ಬಿನ ಜಲ್ಲೆ ಬಗ್ಗಿದ ಹಾಗೆ ಬಗ್ಗಿದವು. ಗಾಡಿ ದಡ್ ಅಂತ ಚಕ್ರದ ಮೇಲೆ ಕೂತಿತು. ಚಕ್ರ ನೆಲ ಮುಟ್ಟಿದ ಮೇಲೆಯೇ ಬ್ರೇಕ್ ಹಿಡಿದದ್ದು. ರಸಮಟ್ಟ ಎಲ್ಲೋ ಸಿಂಕ್ ಒಳಗೆ ಬಿದ್ದಿತ್ತು.

ಯಾಕೆ ಹೀಗಾಯಿತು ಗೊತ್ತಾ? ಹ್ಯಾಂಡ್ ಬ್ರೇಕ್ ಇಂಥ ಗಾಡಿಗಳಲ್ಲಿ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರವನ್ನು. ಆ ಚಕ್ರವೇ ಗಾಳಿಯಲ್ಲಿ ತೂಗಾಡುತ್ತಿದ್ದರೆ ಬ್ರೇಕ್ ಯಾರನ್ನು ಹಿಡಿಯಬೇಕು? ನೆಲದ ಮೇಲೆ ಉಳಿದದ್ದು ಮುಂದಿನ ಎರಡು ಚಕ್ರ, ಅವಕ್ಕೆ ತಡೆ ಇಲ್ಲ. ನಮ್ಮ ಪೆಟ್ಟಿಗೆಗೆ ಗಾಡಿ ವಾಲಿದ್ದು ಗೊತ್ತಾಗುತ್ತಿತ್ತು, ಚಕ್ರ ನೆಲ ಬಿಟ್ಟದ್ದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ ಪುಟ್ಟಿ, ಯಾವ ಜಾಕ್ ಹಾಕಿಸಿಕೊಂಡರೂ ಹಿಂದಿನ ಚಕ್ರ ನೆಲ ಬಿಡಬಾರದು. ಮೂತಿ ಇಳಿಜಾರಿನ ಕಡೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿ. ಆಗ ಎತ್ತಬೇಕಾದದ್ದು ಮುಂಭಾಗ, ಹಿಂದಿನ ಚಕ್ರ ನೆಲದಲ್ಲೇ ಇರುತ್ತದೆ. ತಿರುಗಿಸಲು ಜಾಗ ಇಲ್ಲವಾ, ಹಿಂದಿನ ಚಕ್ರದ ಕೆಳಗೆ ಮೊದಲು ಬ್ಲಾಕ್ ಕೊಟ್ಟು ಗಾಡಿ ಹತ್ತಿಸಿ, ಆಮೇಲೆ ಜಾಕ್. ಲಾರಿಯವರು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಹಾಗೆ ಬೆಣೆ ಕೊಡುವುದಂತೂ ಯಾವಾಗಲೂ ಬೇಕು. ಜಾಕ್ ಮೇಲೆ ನಿಂತಿರುವ ಗಾಡಿಯ ಕೆಳಗೆ ಯಾರೂ ತೂರಬಾರದು, ಅಳಿಯಂದಿರಿಗೂ ಹೇಳು. ಟೈರ್ ಬದಲಾಯಿಸಲು ಇರುವುದಲ್ಲ ಅದು.

ಬ್ಲಾಕ್ ಅಂದ ಕೂಡಲೇ ನೆನಪಾಯಿತು. ಜಾಕ್ ಮುರಿದ ಮೇಲೆ ನಾವು ಹಳದಿ ಪ್ಲಾಸ್ಟಿಕ್ ಬ್ಲಾಕ್ ತಗೊಂಡೆವು, ಒಂದರ ಮೇಲೊಂದು ಕೂರುತ್ತವೆ, ಹತ್ತು ಇದ್ದವು. ಮಕ್ಕಳ ಆಟದ ಸಾಮಾನಿನ ಹಾಗೆ ಕಾಣುತ್ತವೆ, ಆದರೆ ಗಾಡಿ ಅದರ ಮೇಲೆ ಹತ್ತಿದರೆ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮೈದುನರು, ಇದೇ ಗ್ರೂಪಿನಲ್ಲಿದ್ದಾರೆ, ಕೇಳಲಿ, ಒಂದು ವಾರಕ್ಕೆ ಅಂತ ತಗೊಂಡು ಹೋದರು. ವಾರ ಇನ್ನೂ ಮುಗಿದಿಲ್ಲ! ಕೇಳಿದರೆ, "ಅತ್ತಿಗೆ, ನಿಮಗೆ ಜಾಕ್ ರಿಪೇರಿ ಆಯ್ತಲ್ಲ, ಇನ್ಯಾಕೆ" ಅನ್ನುತ್ತಾರೆ. ಅದೂ ಹೋಗಲಿ. ಬಗ್ಗಿದ ಜಾಕ್ ಪಕ್ಕದಲ್ಲಿ ನಾನು ತಲೆ ಮೇಲೆ ಕೈ ಹೊತ್ತು ಕೂತ ಫೋಟೋ ಇತ್ತಲ್ಲ, ಅದನ್ನು ಗ್ರೂಪಿಗೆ ಹಾಕಿದ್ದು ಯಾರು? ನನ್ನ ಷಷ್ಟಿಪೂರ್ತಿಯ ದಿನ ಅದನ್ನೇ ದೊಡ್ಡದು ಮಾಡಿಸಿ ತಂದದ್ದು ಯಾರು? ಅವತ್ತು ಎಲ್ಲರೂ ನಕ್ಕಿರಿ. ನಿಮ್ಮ ದೊಡ್ಡಪ್ಪನ ಕೈ ಟೈರಿನ ಕೆಳಗೆ ಇನ್ನು ಅರ್ಧ ನಿಮಿಷ ಇದ್ದಿದ್ದರೆ ಅಂತ ಒಬ್ಬರೂ ಯೋಚಿಸಲಿಲ್ಲ. ಜಾಕ್ ಹಾಕಿಕೊಟ್ಟ ಅಂಗಡಿಯವನೂ ಒಂದು ಮಾತು ಹೇಳಲಿಲ್ಲ, ಪುಸ್ತಕ ಕೊಟ್ಟು ಕೈ ತೊಳೆದುಕೊಂಡ. ನಾವು ಓದಲಿಲ್ಲ ಅನ್ನಿ. ಆದರೂ.

ಇನ್ನೊಂದು ಸಲ ಹೇಳಿಬಿಡುತ್ತೇನೆ, ಬೇಜಾರಾದರೂ ಪರವಾಗಿಲ್ಲ. ಗುಳ್ಳೆ ಮಧ್ಯಕ್ಕೆ ಬಂದರೆ ಸಾಲದು. ಇಳಿದು ಹೋಗಿ ನೋಡಿ. ಹಿಂದಿನ ಚಕ್ರ ನೆಲ ಬಿಡಬಾರದು.

ಅಯ್ಯೋ, ನೀನು ಕೇಳಿದ್ದು ಬೇರೆ ಅಲ್ವಾ? ಅಡ್ವಾನ್ಸ್ ವಿಷಯ. ನೋಡು, ಕ್ಯಾನ್ಸಲ್ ಮಾಡಿದ್ದು ಯಾರು ಅನ್ನುವುದನ್ನು ಮೊದಲು ಬರಹದಲ್ಲಿ ತಗೋ. ಕಂಪನಿಯೋ ಡೀಲರೋ ನಿಲ್ಲಿಸಿದ್ದರೆ ಅದು ಒಂದು ಲೆಕ್ಕ, ನೀವೇ ಬೇಡ ಅಂದಿರಿ ಅಂತ ಅವನು ಬರೆದುಕೊಂಡರೆ ಇನ್ನೊಂದು ಲೆಕ್ಕ. ಆರ್ಡರ್ ಫಾರಂನಲ್ಲಿ ಅಡ್ವಾನ್ಸ್ ವಾಪಸ್ ಬಗ್ಗೆ ಏನು ಬರೆದಿದೆ ಓದು. ದುಡ್ಡನ್ನು ಸುಮ್ನೆ ಆ ಅಂಗಳದ ಗಾಡಿಗೆ ತಿರುಗಿಸಲು ಸಹಿ ಹಾಕಬೇಡ. ಒಮ್ಮೆ ಅತ್ತ ಹೋದರೆ ಆ ಗಾಡಿ ಬೇಡ ಅನ್ನುವುದು ಕಷ್ಟವಾಗುತ್ತದೆ. ಸಾಲ ಆ ಕ್ಯಾನ್ಸಲ್ ಆದ ಗಾಡಿಯ ಹೆಸರಿನಲ್ಲಿ ಮಂಜೂರಾಗಿದ್ದರೆ ಬ್ಯಾಂಕಿಗೂ ಹೇಳು.

ಆ ಗಾಡಿ ಇಷ್ಟವಾದರೆ, ಜಾಕ್ ಮಾತು ಆಡುವ ಮೊದಲು ತೂಕ ನೋಡು. ಗಾಡಿಯಲ್ಲಿ ಎಷ್ಟು ಸಾಮಾನು ಹೇರಬಹುದು ಅಂತ ಸ್ಟಿಕರ್ ಅಥವಾ ಕಾಗದದಲ್ಲಿ ಇರುತ್ತದೆ. ನಾಲ್ಕು ಕಾಲಿನ ಹೈಡ್ರಾಲಿಕ್ ಸೆಟ್ ಹತ್ತಿರ ಹತ್ತಿರ 60ರಿಂದ 100 ಕೆಜಿ, ದೊಡ್ಡ ಗಾಡಿಗೆ ಇನ್ನೂ ಜಾಸ್ತಿ. ಅದು ನಿಮ್ಮ ಸಾಮಾನಿನ ಪಾಲಿನಿಂದಲೇ ಹೋಗುತ್ತದೆ. 100 ಕೆಜಿ ಅಂದರೆ 100 ಲೀಟರ್ ನೀರು, ಲೆಕ್ಕ ಹಾಕಿಕೋ. ಜಾಕ್ ಸೆಟ್ ಆ ಚಾಸಿಗೇ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೇ, ಮಾಡಿದ್ದಾ, ಬೋಲ್ಟ್ ಹಾಕಿ ಕೂರಿಸುತ್ತಾರಾ ಅಂತ ಕೇಳು. ಚಾಸಿಗೆ ಕಂಡ ಕಂಡಲ್ಲಿ ತೂತು ಕೊರೆದು ವೆಲ್ಡ್ ಮಾಡುತ್ತೇನೆ ಅನ್ನುವವನ ಹತ್ತಿರ ನಿಲ್ಲಬೇಡ. ಇದರಿಂದ ಗಾಡಿಯ ವಾರಂಟಿಗೆ ತೊಂದರೆ ಇಲ್ಲ ಅಂತ ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಇರಲಿ.

ಫ್ರಿಜ್ ಯಾವುದು ಅಂತಲೂ ನೋಡು. ಗ್ಯಾಸಿನಲ್ಲೂ ಓಡುವ ಹಳೇ ತರಹದ್ದಾದರೆ ಗಾಡಿ ಸಮ ಇರಲೇಬೇಕು. ಅದರಲ್ಲಿ ಪಂಪ್ ಇಲ್ಲ, ಅಮೋನಿಯಾ ತಾನೇ ಇಳಿದು ಹರಿಯಬೇಕು. ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ಜಾಸ್ತಿ ವಾಲಿಸಿ ತುಂಬಾ ಹೊತ್ತು ಓಡಿಸಬಾರದು ಅಂತ ನಮ್ಮ ಪುಸ್ತಕದಲ್ಲಿತ್ತು, ಆಮೇಲೆ ಓದಿದೆ ಅನ್ನು. ಮನೆಯಲ್ಲಿರುವಂಥ ಕಂಪ್ರೆಸರ್ ಫ್ರಿಜ್ ಆದರೆ ಅಷ್ಟು ಚಿಂತೆ ಇಲ್ಲ, ರಾತ್ರಿ ತಲೆ ಕೆಳಗಾಗಿ ಮಲಗದಿದ್ದರೆ ಸಾಕು. ಹಾಗಿದ್ದರೆ ಮೊದಲ ನಾಲ್ಕೈದು ಪ್ರವಾಸ ಬ್ಲಾಕ್‌ನಲ್ಲೇ ಮುಗಿಸಿ, ಆಮೇಲೂ ಜಾಕ್ ಬೇಕು ಅನ್ನಿಸಿದರೆ ಹಾಕಿಸಿ.

ಬ್ಲಾಕ್ ಹೊಸದು ತಗೋಬೇಡ. ಮೈದುನರು ಕೊಟ್ಟ ದಿನ ನಿನಗೇ ಕಳಿಸುತ್ತೇನೆ. ಹತ್ತು ಇರಬೇಕು, ಎಣಿಸಿಕೋ.